‘ರಿಯಾಕ್ಷನ್ ಆತು’ ಅಂದ್ರ ಮುಗೀತೇನು?

ಉದ್ದ ಬರೀತೀನಿ, ಪುರುಸೊತ್ತು ಮಾಡ್ಕೊಂಡು ಓದ್ರಿ. ಮನ್ಯಾಗ ಸಣ್ಣ ಮಕ್ಕಳಿದ್ದವರು ಪೂರ್ತಿ ಓದ್ರಿ.

ನಮ್ಮ ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಒಂದು ಮಾತು ಚಾಲ್ತಿಯಲ್ಲಿದೆ. ಕೂಸಿಗೆ ಜ್ವರ ಅಂತ ಸೂಜಿ ಮಾಡಿಸ್ತಾರೆ, ಮೈತುಂಬ ಗಾದರಿ ಏಳ್ತಾವೆ, ತುಟಿ ಬಾಯ್ತದ, ಕೂಸು ಉಸಿರಿಗೆ ಒದ್ದಾಡ್ತದ. ಸೂಜಿ ಮಾಡಿದವರು ಹೇಳೋದು ಎರಡೇ ಮಾತು: ‘ರಿಯಾಕ್ಷನ್ ಆತು. ಇವನ ಮೈಗೆ ಒಗ್ಗಲಿಲ್ಲ.’ ಅಲ್ಲಿಗೆ ಕೇಸು ಮುಗೀತು. ಔಷಧ ಸರಿ, ಕೊಟ್ಟವರು ಸರಿ, ಕೂಸಿನ ಮೈ ತಪ್ಪು! ನಮ್ಮ ಮೈಯನ್ನೇ ತಪ್ಪು ಅನ್ನೋದು ಈ ದೇಶದಲ್ಲಿ ಹೊಸದಲ್ಲ. ಆದರೆ ನಾಲ್ಕು ವರ್ಷದ ಕೂಸಿನ ಮೈ ಮೇಲೆ ಹಾಕೋದನ್ನು ಕೇಳಿಕೊಂಡು ಸುಮ್ಮನೆ ಕೂಡಾಕ ನನ್ನಿಂದ ಆಗೂದಿಲ್ಲ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ಆಂಟಿಬಯೋಟಿಕ್ ವಿರುದ್ಧ ಬರೆಯುತ್ತಿಲ್ಲ ನಾನು. ‘ಇಂಗ್ಲಿಷ್ ಔಷಧ ವಿಷ, ಕಷಾಯ ಕುಡೀರಿ’ ಅನ್ನುವ ಮಂದಿ ಈ ಪೋಸ್ಟನ್ನು ಶೇರ್ ಮಾಡೋದು ಬೇಡ. ಬಾಬಾಸಾಹೇಬರು–ರಮಾಬಾಯಿಯವರ ಮಕ್ಕಳಲ್ಲಿ ಬದುಕಿ ಉಳಿದವರು ಯಶವಂತರಾವ್ ಒಬ್ಬರೇ. ಕೊನೆಯ ಕೂಸು ರಾಜರತ್ನ ತೀರಿಕೊಂಡದ್ದು 1926ರ ಜುಲೈನಲ್ಲಿ. ಫ್ಲೆಮಿಂಗ್ ಕಣ್ಣಿಗೆ ಪೆನಿಸಿಲಿನ್ ಬಿದ್ದದ್ದು 1928ರಲ್ಲಿ. ರೋಗಿಗಳ ಕೈಗೆ ಅದು ಸಿಕ್ಕಿದ್ದು 1940ರ ದಶಕದಲ್ಲಿ. ಅದಕ್ಕೂ ಮೊದಲಿನ ಕಾಲದಲ್ಲಿ ಮಕ್ಕಳು ಹೆಂಗ ಸಾಯ್ತಿದ್ದರು ಅಂತ ನಮ್ಮ ಮುತ್ತಜ್ಜಿಯರನ್ನು ಕೇಳಿದ್ದರೆ ಗೊತ್ತಾಗ್ತಿತ್ತು. ಹಡೆದದ್ದು ಎಂಟು, ಉಳಿದದ್ದು ಮೂರು ಅಂತ ಲೆಕ್ಕ ಹೇಳ್ತಿದ್ದರು. ನ್ಯುಮೋನಿಯಾ ಆದ ಕೂಸಿಗೆ ಇವತ್ತಿಗೂ ಅಮಾಕ್ಸಿಸಿಲಿನ್ ಜೀವ ಉಳಿಸುವ ಔಷಧ. ಸರ್ಕಾರ 2019ರಲ್ಲಿ ಶುರು ಮಾಡಿದ ‘ಸಾನ್ಸ್’ ಅಭಿಯಾನದ ತಿರುಳೇ ಅದು. ಹಾಗಾಗಿ ಔಷಧದ ಮೇಲೆ ನನಗೆ ಸಿಟ್ಟಿಲ್ಲ. ಆ ಔಷಧ ನಮ್ಮ ಕೇರಿಗೆ ಬರುವ ರೀತಿಯ ಮೇಲೆ ಸಿಟ್ಟು.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಕಾಠಿಯಾವಾಡದ ಆ ಶಾಲಾ ಮಾಸ್ತರರ ಪತ್ರ ನೆನಪಿರಬಹುದು. 1929ರ ಡಿಸೆಂಬರಿನಲ್ಲಿ ಗಾಂಧಿಯವರ ‘ಯಂಗ್ ಇಂಡಿಯಾ’ದಲ್ಲಿ ಬಂದಿದ್ದ ಪತ್ರ ಅದು. ಮಾಸ್ತರರ ಹೆಂಡತಿ ಹಸಿ ಬಾಣಂತಿ. ಡಾಕ್ಟರು ಕೇರಿಯೊಳಗೆ ಕಾಲಿಡಲ್ಲ ಅಂದ. ಬಾಣಂತಿಯನ್ನೇ ಕೇರಿ ಹೊರಗೆ ತಂದರು. ಥರ್ಮಾಮೀಟರನ್ನು ಡಾಕ್ಟರು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ ಬಂದದ್ದೂ ಅದೇ ದಾರಿಯಲ್ಲಿ. ದೂರದಿಂದ ದೀಪದ ಬೆಳಕಿಗೆ ಅದನ್ನು ಹಿಡಿದು ನೋಡಿ ‘ನ್ಯುಮೋನಿಯಾ’ ಅಂದು ಹೋದ. ಆಕೆ ಉಳಿಯಲಿಲ್ಲ.

‘ಅದೆಲ್ಲಾ ಹಳೇ ಕಾಲದ್ದು, ಈಗ ಎಲ್ಲರನ್ನೂ ಮುಟ್ಟತಾರ’ ಅಂತೀರಿ. ಮುಟ್ಟತಾರ, ಖರೆ. ಸೂಜಿ ಚುಚ್ಚುವಷ್ಟು ಮುಟ್ಟತಾರ. ಎದೆಗೆ ಸ್ಟೆತಾಸ್ಕೋಪ್ ಇಡುವಷ್ಟು, ಒಂದು ನಿಮಿಷ ಉಸಿರು ಎಣಿಸುವಷ್ಟು, ‘ಈ ಕೂಸಿಗೆ ಹಿಂದೆ ಯಾವ ಔಷಧಕ್ಕಾದರೂ ತೊಂದರೆ ಆಗಿತ್ತೇನವ್ವಾ’ ಅಂತ ತಾಯಿಯನ್ನು ಕೇಳುವಷ್ಟು ಮುಟ್ಟತಾರೇನು? ಸಂಘಮಿತ್ರಾ ಆಚಾರ್ಯ 2010ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳ ದಲಿತ ಮಕ್ಕಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಮಕ್ಕಳನ್ನು ಮುಟ್ಟುವಾಗ, ಔಷಧ ಕೊಡುವಾಗ, ಅವರೊಂದಿಗೆ ಮಾತಾಡುವಾಗ ಎಲ್ಲೆಲ್ಲಿ ಭೇದ ನಡೆಯುತ್ತದೆ ಅಂತ ಅದರಲ್ಲಿ ದಾಖಲೆಯಾಗಿದೆ. ಆ ಹಳ್ಳಿಗಳ ಹೆಸರು ತೆಗೆದು ನಮ್ಮ ಹಳ್ಳಿಗಳ ಹೆಸರು ಹಾಕಿದರೆ ನಮ್ಮವರು ಯಾರೂ ಬೆರಗಾಗಲ್ಲ.

ನಮ್ಮ ಕೇರಿಯಲ್ಲಿ ನಡೆದದ್ದನ್ನು ಹೇಳ್ತೀನಿ. ಯಾರ ಹೆಸರೂ ಹಾಕೂದಿಲ್ಲ, ಊರೂ ಹೇಳಲ್ಲ. ಇಲ್ಲಿ ಒಬ್ಬ ವ್ಯಕ್ತಿಯನ್ನು ಹಿಡಿದು ಬೈದು ಬಿಟ್ಟುಬಿಟ್ಟರೆ ಉಳಿದವರೆಲ್ಲ ಪಾರಾಗ್ತಾರೆ. ಒಬ್ಬಾಕೆ, ಶೇಂಗಾ ಬಿಡಿಸುವ ಕೂಲಿಗೆ ಹೋಗುವಾಕೆ, ಮಗನಿಗೆ ನೆಗಡಿ ಜ್ವರ ಅಂತ ಖಾಸಗಿ ದವಾಖಾನಿಗೆ ಕರಕೊಂಡು ಹೋದಳು. ದಿನದ ಕೂಲಿ ಬಿಟ್ಟು ಬಂದಿದ್ದಳು. ನಾಳೆ ಮತ್ತೆ ಬರಾಕ ಆಗೂದಿಲ್ಲ, ‘ಜಲ್ದಿ ಕಡಿಮಿ ಆಗೋ ಹಂಗ ಮಾಡ್ರಿ ಸಾಹೇಬ್ರ’ ಅಂದಳು. ಎರಡು ಸೂಜಿ ಬಿತ್ತು. ದುಡ್ಡು ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಹುಡುಗ ಮೈ ಕೆರಕೊಳ್ಳಾಕ ಹತ್ತಿದ. ಕಣ್ಣಿನ ರೆಪ್ಪೆ, ತುಟಿ ಬಾತವು. ವಾಂತಿ ಮಾಡಿಕೊಂಡ. ಎತ್ತಿಕೊಂಡು ವಾಪಸ್ ಓಡಿದಳು. ಅಲ್ಲಿ ಮತ್ತೊಂದು ಸೂಜಿ ಹಾಕಿ, ‘ನಂಜಾಗೇತಿ, ಗದಗಕ್ಕ ಒಯ್ಯಿ, ಇಲ್ಲಿ ನಿಂದರಬ್ಯಾಡ’ ಅಂದರು. ಆಕೆಗೆ ಏಕವಚನ, ಪಕ್ಕದಲ್ಲಿ ಕೂತಿದ್ದ ಗೌಡರ ಮನೆಯಾಕೆಗೆ ಬಹುವಚನ. ಇದನ್ನು ನಾನು ಸೇರಿಸಿ ಹೇಳ್ತಿಲ್ಲ, ಆಕೆ ಹೇಳಿದ್ದೇ ಅದನ್ನು ಮೊದಲು.

ಹುಡುಗ ಬದುಕಿದ. ಆದರೆ ಗದಗಿನಲ್ಲಿ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗೇ ಉತ್ತರ ಇರಲಿಲ್ಲ: ‘ಏನು ಕೊಟ್ಟಿದ್ದರು?’ ಆಕೆ ಹತ್ತಿರ ಚೀಟಿ ಇಲ್ಲ, ಬಾಟಲಿ ಇಲ್ಲ, ಹೆಸರು ಇಲ್ಲ. ‘ಬಿಳೇದು ಒಂದು, ಹಳದಿದು ಒಂದು’ ಅಂದಳು. ಆಮೇಲೆ ನಾವು ನಾಲ್ಕು ಮಂದಿ ಆ ದವಾಖಾನಿಗೆ ಹೋಗಿ ಕೇಳಿದರೆ ಅದೇ ಮಾತು: ‘ನಿಮ್ಮ ಹುಡುಗನ ಮೈಗೆ ಒಗ್ಗಲಿಲ್ಲ. ಔಷಧದ ತಪ್ಪಲ್ಲ.’ ಔಷಧದ ಹೆಸರು ಮಾತ್ರ ಬಾಯಿಬಿಡಲಿಲ್ಲ.

ಈಗ ವಿಷಯಕ್ಕೆ ಬರೋಣ. ಅಲರ್ಜಿ ಯಾರಿಗೂ ಆಗಬಹುದು. ಗೌಡರ ಮಗನಿಗೂ, ಡಾಕ್ಟರ ಮಗನಿಗೂ. ಔಷಧವನ್ನು ಮೈ ವೈರಿ ಅಂತ ತಿಳಿದು ಒಮ್ಮೆಲೇ ತಿರುಗಿ ಬೀಳುವುದೇ ಅಲರ್ಜಿ. ಅದು ಜೋರಾಗಿ ಆದಾಗ ಅನಾಫೈಲ್ಯಾಕ್ಸಿಸ್ ಅಂತಾರೆ: ಸೂಜಿಯಾದರೆ ಬಹಳ ಸಲ ಕೆಲವೇ ನಿಮಿಷದಲ್ಲಿ, ಗುಳಿಗಿ ಸಿರಪ್ ಆದರೆ ಸಾಮಾನ್ಯವಾಗಿ ಒಂದೆರಡು ತಾಸಿನೊಳಗೆ. ಗಾದರಿ, ಮುಖ ತುಟಿ ನಾಲಿಗೆ ಬಾವು, ದನಿ ಗೊಗ್ಗರಾಗೋದು, ಸುಂಯ್ ಸುಂಯ್ ಉಸಿರು, ವಾಂತಿ, ಮೈ ತಣ್ಣಗಾಗಿ ಕೂಸು ಜೋತು ಬೀಳೋದು. ಇದಕ್ಕೆ ಮೊದಲ ಔಷಧ ಒಂದೇ: ಅಡ್ರಿನಲಿನ್. ತೊಡೆಯ ಹೊರಬದಿಯ ಮಾಂಸಖಂಡಕ್ಕೆ, ಕೂಸಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಒಂದು ಮಿಲಿ ಆಂಪ್ಯೂಲಿನಲ್ಲಿ ಒಂದು ಮಿಲಿಗ್ರಾಂ ಇರುತ್ತದೆ. 15 ಕಿಲೋ ಹುಡುಗನಿಗೆ 0.15 ಮಿಲಿ ಸಾಕು. ನಮ್ಮ ಕಡೆ ಸಾಮಾನ್ಯವಾಗಿ ಹಾಕುವ ಏವಿಲ್, ಡೆಕ್ಸಾ ತುರಿಕೆ ಇಳಿಸಬಹುದು, ಆದರೆ ಬಿದ್ದುಹೋಗುತ್ತಿರುವ ರಕ್ತದೊತ್ತಡವನ್ನು, ಮುಚ್ಚುತ್ತಿರುವ ಗಂಟಲನ್ನು ಸಮಯಕ್ಕೆ ಹಿಡಿಯೋದು ಅವುಗಳಿಂದ ಆಗಲ್ಲ. ಅಡ್ರಿನಲಿನ್ ಆಂಪ್ಯೂಲ್ ದುಬಾರಿಯೂ ಅಲ್ಲ. ಒಂದು ಪ್ಲೇಟ್ ಗಿರಮಿಟ್ಟು-ಮಿರ್ಚಿಗೆ ಕೊಡುವ ದುಡ್ಡಿನ ಆಸುಪಾಸು.

ಅಲರ್ಜಿಗೆ ಜಾತಿ ಇಲ್ಲ, ಒಪ್ಪಿದೆ. ಮುಂದಿನ ಹತ್ತು ನಿಮಿಷಕ್ಕೆ ಇದೆ. ಯಾರು ಸೂಜಿ ಆದಮೇಲೆ ಫ್ಯಾನಿನ ಕೆಳಗೆ ಅರ್ಧ ತಾಸು ಕೂಡ್ತಾರೆ, ಯಾರನ್ನು ‘ಆತು, ನಡೀರಿ ಹೊರಗ’ ಅಂತಾರೆ. ಯಾರ ಮನೆ ಮುಂದೆ ಕಾರು ನಿಂತಿರ್ತದ, ಯಾರು 108ಕ್ಕೆ ಫೋನ್ ಹಚ್ಚಿ ಕೇರಿಯ ತುದಿಗೆ ಕಾಯ್ತಾರೆ, ಅದರಲ್ಲಿ ಇದೆ.

ಲಸಿಕೆ ಹಾಕುವ ದಿನ ಅಂಗನವಾಡಿಗೆ ಹೋಗಿ ನೋಡ್ರಿ. ಲಸಿಕೆ ಹಾಕಿದ ಮೇಲೆ ಕೂಸನ್ನು ಅರ್ಧ ತಾಸು ಅಲ್ಲೇ ಕೂಡ್ಸಬೇಕು ಅಂತ ನಿಯಮ. ನರ್ಸಕ್ಕನ ಹತ್ತಿರ ಅನಾಫೈಲ್ಯಾಕ್ಸಿಸ್ ಕಿಟ್ ಇರಬೇಕು, ಅದರಲ್ಲಿ ಅಡ್ರಿನಲಿನ್, ಯಾವ ವಯಸ್ಸಿಗೆ ಎಷ್ಟು ಅಂತ ಬರೆದ ಪಟ್ಟಿ. ಡಾಕ್ಟರು ಇಲ್ಲದಿದ್ದರೂ ಆಕೆ ಒಂದು ಡೋಸ್ ಹಾಕಿ ಕಳಿಸಬಹುದು ಅಂತ ಸರ್ಕಾರವೇ ಒಪ್ಪಿದೆ. ಲಸಿಕೆಯಿಂದ ಇಂಥ ಅಲರ್ಜಿ ಆಗೋದು ಬಹಳ ಅಪರೂಪ, ಆದರೂ ಇಷ್ಟು ತಯಾರಿ. ಅದಕ್ಕಿಂತ ಎಷ್ಟೋ ಹೆಚ್ಚು ಅಲರ್ಜಿ ಮಾಡುವ ಆಂಟಿಬಯೋಟಿಕ್ ಸೂಜಿಗೆ ಯಾಕೆ ಈ ನಿಯಮ ಗೋಡೆ ಮೇಲೆ ಬರೆದಿಲ್ಲ? ತಾಲ್ಲೂಕು ಆರೋಗ್ಯಾಧಿಕಾರಿಗಳೇ, ಯಾವ ಖಾಸಗಿ ಕ್ಲಿನಿಕ್ಕಿಗೆ ಹೋಗಿ ‘ಅಡ್ರಿನಲಿನ್ ತೋರ್ಸ್ರಿ, ಅವಧಿ ಮುಗಿದ ತಾರೀಖು ತೋರ್ಸ್ರಿ’ ಅಂತ ಕೇಳೀರಿ? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕರ್ನಾಟಕದಲ್ಲಿ 2007ರಿಂದ ಇದೆ. ಜಿಲ್ಲೆಯಲ್ಲಿ ನೋಂದಣಿ ಮಾಡುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನೋಂದಣಿ ಇಲ್ಲದವರು ಹಳ್ಳಿಹಳ್ಳಿಗೆ ಬ್ಯಾಗ್ ಹಿಡಕೊಂಡು ಸೂಜಿ ಹಾಕ್ತಾ ತಿರುಗೋದು ಎಲ್ಲರಿಗೂ ಗೊತ್ತು, ಪ್ರಾಧಿಕಾರ ಒಂದನ್ನು ಬಿಟ್ಟು!

ಇನ್ನು ಆ ಸೂಜಿ ಬೇಕಿತ್ತೇ ಅನ್ನೋ ಪ್ರಶ್ನೆ. ನೆಗಡಿ, ಕಣ್ಣು ಮೂಗಿನಾಗ ನೀರು, ಸಣ್ಣ ಜ್ವರ, ಇವುಗಳಲ್ಲಿ ಬಹುಪಾಲು ವೈರಸ್ಸಿನವು. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟಲ್ಲ. ಬೇಕೋ ಬ್ಯಾಡೋ ಅಂತ ತಿಳಿಯಾಕ ದೊಡ್ಡ ಮಷೀನೂ ಬೇಡ. ಕೂಸಿನ ಅಂಗಿ ಎತ್ತಿ ಒಂದು ನಿಮಿಷ ಉಸಿರು ಎಣಿಸೋದು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ, ಇಲ್ಲವೇ ಪಕ್ಕೆ ಒಳಗೆ ಎಳೀತಿದ್ದರೆ, ನ್ಯುಮೋನಿಯಾ ಅಂತ ಅನುಮಾನಪಡಬೇಕು. ಇದನ್ನು ಆಶಾ ಅಕ್ಕಂದಿರಿಗೂ ಕಲಿಸಿದ್ದಾರೆ. ಎಣಿಸಾಕ ಒಂದು ನಿಮಿಷ ಬೇಕು, ಸೂಜಿ ಹಾಕಾಕ ಹತ್ತು ಸೆಕೆಂಡು ಸಾಕು. ಎಣಿಸಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ, ಸೂಜಿಗೆ ಕೊಡ್ತಾರೆ. ‘ನಿಮ್ಮ ಮಂದಿನೇ ಸೂಜಿ ಕೇಳ್ತಾರ್ರೀ’ ಅಂತ ಕೆಲವು ಡಾಕ್ಟರು ನನಗೇ ಹೇಳ್ಯಾರ. ಕೇಳ್ತಾರೆ. ಒಂದು ದಿನದ ಕೂಲಿ ಹೋದರೆ ಸಂಜೆ ಒಲೆ ಹತ್ತೂದಿಲ್ಲ ಅನ್ನುವಾಕೆ ಜಲ್ದಿ ಗುಣ ಆಗಲಿ ಅಂತ ಕೇಳದೆ ಇನ್ನೇನು ಕೇಳಬೇಕು? ಇಲ್ಲ ಅಂತ ತಿಳಿಸಿ ಹೇಳೋದಕ್ಕೇ ಅಲ್ಲೇನು ನಿಮಗೆ ಓದಿಸಿದ್ದು?

ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು, ನಮ್ಮ ಹೋರಾಟದ ಗೆಳೆಯರೂ ಇದನ್ನು ಗಮನಿಸಿಲ್ಲ. ಮಕ್ಕಳ ಮೈ ಮೇಲೆ ಏಳುವ ಎಲ್ಲಾ ದದ್ದೂ ಔಷಧದ ಅಲರ್ಜಿ ಅಲ್ಲ. ವೈರಸ್ ಜ್ವರವೇ ದದ್ದು ತರ್ತದ. ಅದೇ ಹೊತ್ತಿಗೆ ಕೂಸು ಅಮಾಕ್ಸಿಸಿಲಿನ್ ಸಿರಪ್ ಕುಡೀತಿದ್ದರೆ ತಪ್ಪು ಸಿರಪ್ಪಿನ ಮೇಲೆ ಬೀಳ್ತದ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅಮಾಕ್ಸಿಸಿಲಿನ್ ಅಲರ್ಜಿ ಇರಬಹುದು ಅಂತ ಅನುಮಾನವಿದ್ದ 818 ಮಕ್ಕಳಿಗೆ, ವೈದ್ಯರ ಕಣ್ಣೆದುರಿಗೆ, ಅದೇ ಔಷಧವನ್ನು ಕೊಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 94 ಮಕ್ಕಳಿಗೆ ಏನೂ ಆಗಲಿಲ್ಲ. ಅವರಿಗೆ ಅಲರ್ಜಿ ಇರಲೇ ಇಲ್ಲ. ಮನೆಯಲ್ಲಿ ಇದನ್ನು ಯಾರೂ ಪ್ರಯೋಗ ಮಾಡಬ್ಯಾಡ್ರಿ, ಕೈ ಮುಗೀತೀನಿ. ನಾನು ಹೇಳೋದು ಬೇರೆ. ಅಲ್ಲಿನ ಮಕ್ಕಳಿಗೆ ‘ಇಲ್ಲ, ನಿನಗೆ ಅಲರ್ಜಿ ಇಲ್ಲ’ ಅಂತ ಹಣೆಪಟ್ಟಿ ಕಳಚುವ ವ್ಯವಸ್ಥೆ ಇದೆ. ನಮ್ಮ ಕೇರಿಯ ಹುಡುಗನಿಗೆ ‘ರಿಯಾಕ್ಷನ್’ ಅಂತ ಒಮ್ಮೆ ಹಚ್ಚಿದರೆ ಮುಗೀತು, ಸಾಯೋತನಕ ಅದೇ. ಹುಟ್ಟಿನಿಂದ ಬಂದ ಹಣೆಪಟ್ಟಿ ಒಂದು ಸಾಲದಾಗಿತ್ತು ನೋಡ್ರಿ.

ಆ ಹಣೆಪಟ್ಟಿಯ ಬೆಲೆ ಏನು ಅಂತ ಕೇಳಿದರೆ ಸಂಧಿವಾತ ಜ್ವರದ ಮಕ್ಕಳನ್ನು ನೋಡ್ರಿ. ಗಂಟಲು ನೋವು, ಆಮೇಲೆ ಕೀಲು ಬಾವು, ಆಮೇಲೆ ಹೃದಯದ ಕವಾಟ ಕೆಡೋದು. ಒಂದೇ ಖೋಲಿಯಲ್ಲಿ ಏಳೆಂಟು ಮಂದಿ ಮಲಗುವ ಮನೆಗಳ ರೋಗ ಇದು, ಬಂಗಲೆಗಳಲ್ಲಿ ಕಾಣಲ್ಲ. ಇದನ್ನು ತಡೆಯಾಕ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಬೆಂಜಾಥಿನ್ ಪೆನಿಸಿಲಿನ್ ಸೂಜಿ ಬೇಕು. ಹಳೇ ಔಷಧ, ಅಗ್ಗದ ಔಷಧ. ಆದರೆ ‘ಪೆನಿಸಿಲಿನ್ ಅಂದ್ರ ರಿಯಾಕ್ಷನ್, ನಮಗ್ಯಾಕ ಉಸಾಬರಿ’ ಅಂತ ಹಾಕಾಕ ಹಿಂಜರಿಯುವವರು ಬಹಳ. 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನದ ಲೆಕ್ಕ ಹೀಗಿದೆ: 1,790 ರೋಗಿಗಳು, 32,430 ಸೂಜಿ, ಅನಾಫೈಲ್ಯಾಕ್ಸಿಸ್ ಆದದ್ದು ನಾಲ್ಕು ಮಂದಿಗೆ, ಒಬ್ಬರು ತೀರಿಕೊಂಡರು. ಆ ಒಂದು ಸಾವೂ ಸಣ್ಣದಲ್ಲ. ಅದಕ್ಕೇ ಪಕ್ಕದಲ್ಲಿ ಅಡ್ರಿನಲಿನ್ ಇರಬೇಕು ಅನ್ನೋದು. ಆದರೆ ನಾಲ್ಕರ ಹೆದರಿಕೆಗೆ ಉಳಿದವರ ಕವಾಟ ಕೆಡಿಸಿ, ಆಮೇಲೆ ಹುಬ್ಬಳ್ಳಿ, ಬೆಂಗಳೂರಿನ ಜಯದೇವ ಅಂತ ಸಾಲ ಮಾಡಿ ಅಲೆದಾಡಿಸೋದು ಎಲ್ಲಿಯ ಜಾಗ್ರತೆ? ಬೇಡದ ಕಡೆ, ನೆಗಡಿಗೆ, ಸೆಫ್ಟ್ರಿಯಾಕ್ಸೋನ್‌ನಂಥ ದೊಡ್ಡ ಸೂಜಿ ಹಾಕಾಕ ಹೆದರಿಕೆ ಇಲ್ಲ. ಬೇಕಾದ ಕಡೆ ಪೆನಿಸಿಲಿನ್ ಹಾಕಾಕ ಹೆದರಿಕೆ.

ಇನ್ನೊಂದು ಉಡಾಫೆ ಉತ್ತರ: ‘ಟೆಸ್ಟ್ ಡೋಸ್ ಮಾಡೀವ್ರಿ.’ ಮುಂಗೈಯಲ್ಲಿ ಗುಳ್ಳೆ ಏಳಲಿಲ್ಲ ಅಂದಮಾತ್ರಕ್ಕೆ ಪೂರ್ತಿ ಡೋಸಿಗೆ ಏನೂ ಆಗಲ್ಲ ಅನ್ನೋ ಗ್ಯಾರಂಟಿ ಇಲ್ಲ. ಟೆಸ್ಟ್ ಮಾಡಿದ ಮೇಲೂ ಕಾಯಬೇಕು, ಅಡ್ರಿನಲಿನ್ ಇರಬೇಕು. ಟೆಸ್ಟ್ ಡೋಸನ್ನು ಅಪರಾಧದಿಂದ ತಪ್ಪಿಸಿಕೊಳ್ಳುವ ಸಹಿ ಮಾಡಿಕೊಂಡಾರ ಇವರು.

ದಾಖಲೆ ಯಾಕೆ ಬೇಕು ಅನ್ನೋದಕ್ಕೆ ಬಳ್ಳಾರಿ ನೆನಪಿಸ್ಕೊಳ್ರಿ. 2024ರ ನವೆಂಬರಿನಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ರಿಂಗರ್ ಲ್ಯಾಕ್ಟೇಟ್ ಸಲೈನಿನ ಮೇಲೆ ಅನುಮಾನ ಬಂತು, ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅದು ಅಲರ್ಜಿಯ ಪ್ರಕರಣ ಅಲ್ಲ, ಗುಣಮಟ್ಟದ್ದು. ಆದರೂ ಅಲ್ಲಿ ಯಾವ ಕಂಪನಿ, ಯಾವ ಬ್ಯಾಚು ಅಂತ ಕೇಳಾಕ ಕಾಗದ ಇತ್ತು. ನಮ್ಮ ಕೇರಿಯ ಹುಡುಗನಿಗೆ ಆದದ್ದು ಅಲರ್ಜಿಯೋ, ಕಳಪೆ ಔಷಧವೋ, ಡೋಸ್ ತಪ್ಪಿದ್ದೋ? ಚೀಟಿ ಇಲ್ಲದ ಕಡೆ ಮೂರೂ ಒಂದೇ ‘ರಿಯಾಕ್ಷನ್’ ಅನ್ನೋ ಗೋಣಿಚೀಲದೊಳಗೆ ಹೋಗ್ತಾವ, ಬಾಯಿ ಕಟ್ಟಿ ಇಟ್ಟುಬಿಡ್ತಾರ.

ಕಾನೂನು ಇಲ್ಲ ಅಂತಲ್ಲ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇವೆಲ್ಲ 2014ರ ಮಾರ್ಚಿನಿಂದ ಎಚ್1 ಪಟ್ಟಿಯಲ್ಲಿವೆ. ಔಷಧ ಅಂಗಡಿಯವರು ರೋಗಿಯ ಹೆಸರು, ಬರೆದುಕೊಟ್ಟ ಡಾಕ್ಟರ ಹೆಸರು, ಎಷ್ಟು ಕೊಟ್ಟರು ಅಂತ ಬರೆದು ಮೂರು ವರ್ಷ ಇಡಬೇಕು. ಔಷಧದಿಂದ ಆದ ತೊಂದರೆ ದಾಖಲಿಸಾಕ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಉಚಿತ ಫೋನ್ 1800-180-3024. ಡಾಕ್ಟರೇ ಮಾಡಬೇಕು ಅಂತಿಲ್ಲ, ರೋಗಿಯ ಕಡೆಯವರೂ ಮಾಡಬಹುದು, ಅದರ ಅರ್ಜಿ ಕನ್ನಡದಲ್ಲೂ ಇದೆ. ಯಾವ ದವಾಖಾನಿಯ ಗೋಡೆ ಮೇಲೆ ಈ ನಂಬರ್ ನೋಡೀರಿ? ಜಾತಿ ಹಿಡಿದು ದವಾಖಾನಿಯೊಳಗೆ ಬಾರದ ಹಾಗೆ ತಡೆದರೆ ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಅದೂ ಅಪರಾಧ. ಒಳಗೆ ಬಿಟ್ಟುಕೊಂಡು ಹೆಸರಿಲ್ಲದ ಸೂಜಿ ಚುಚ್ಚಿ ಹೊರಗೆ ಕಳಿಸಿದರೆ ಯಾವ ಕಲಮು ಅಂತ ವಕೀಲ ಗೆಳೆಯರು ಹೇಳ್ರಿ.

ನಮ್ಮ ಶಿರಹಟ್ಟಿ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಪ್ರತಿ ಚುನಾವಣೆಯಲ್ಲಿ ಕೇರಿಗೆ ಬಂದು ಸಮುದಾಯ ಭವನ ಅಂತಾರೆ, ಸಿಸಿ ರಸ್ತೆ ಅಂತಾರೆ. ಕೇರಿಯ ಮಕ್ಕಳಿಗೆ ಸೂಜಿ ಹಾಕುವ ಪ್ರತಿ ಜಾಗದಲ್ಲಿ ಅಡ್ರಿನಲಿನ್ ಇರಬೇಕು ಅಂತ ಒಬ್ಬರಾದರೂ ವೇದಿಕೆ ಮೇಲೆ ಅಂದದ್ದು ಕೇಳಿಲ್ಲ. ಭವನಕ್ಕೆ ಕಲ್ಲು ಕೆತ್ತಿಸಬಹುದು, ಆಂಪ್ಯೂಲಿನ ಮೇಲೆ ಹೆಸರು ಕೆತ್ತಿಸಾಕ ಬರಂಗಿಲ್ಲಲ್ಲ.

ಕೇರಿಯ ಅವ್ವಂದಿರಿಗೆ, ಅಕ್ಕಂದಿರಿಗೆ ಇದನ್ನು ಓದಿ ಹೇಳ್ರಿ. ಚೀಟಿ ಇಲ್ಲದೆ ಸೂಜಿ ಬೇಡ. ‘ಏನು ಹಾಕ್ತೀರಿ, ಹೆಸರು ಬರೀರಿ’ ಅನ್ರಿ. ಬರೆಯಲ್ಲ ಅಂದರೆ ಸೀಸೆಯ ಫೋಟೋ ತಗೋರಿ. ಸೂಜಿ ಆದಮೇಲೆ ಅರ್ಧ ತಾಸು ಅಲ್ಲೇ ಕೂಡ್ರಿ, ‘ನಡೀರಿ’ ಅಂದರೂ ಏಳಬ್ಯಾಡ್ರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಬಾತರೆ, ಕೂಸು ಜೋತು ಬಿದ್ದರೆ, ‘ಅಡ್ರಿನಲಿನ್ ಹಾಕ್ರಿ’ ಅಂತ ಆ ಹೆಸರು ಹಿಡಿದು ಕೇಳ್ರಿ. ಕೂಸನ್ನು ನಿಲ್ಲಿಸಬ್ಯಾಡ್ರಿ, ನಡೆಸಬ್ಯಾಡ್ರಿ. ಮಲಗಿಸಿ ಕಾಲು ಸ್ವಲ್ಪ ಎತ್ತರ ಇಡ್ರಿ, ಉಸಿರಾಟ ಕಷ್ಟ ಇದ್ದರೆ ಕೂತ ಹಾಗೇ ಇರಲಿ. ಔಷಧ ಶುರು ಮಾಡಿ ಕೆಲವು ದಿನ ಕಳೆದ ಮೇಲೆ ಬಾಯಿ, ಕಣ್ಣು, ಮೂತ್ರದ ಜಾಗದಲ್ಲಿ ಹುಣ್ಣು, ಮೈ ಮೇಲೆ ಬೊಬ್ಬೆ, ಚರ್ಮ ಸುಲಿಯೋದು ಕಂಡರೆ ‘ಅಮ್ಮ ಬಂದಾಳ’ ಅಂತ ಬೇವಿನ ಸೊಪ್ಪು ಹಾಸಿ ಕೂಡಬ್ಯಾಡ್ರಿ. ಆ ಔಷಧ ನಿಲ್ಲಿಸಿ ಅವತ್ತೇ ದೊಡ್ಡ ಆಸ್ಪತ್ರೆಗೆ ಒಯ್ರಿ. ಖರೇನೇ ಅಲರ್ಜಿ ಆಗಿದ್ದರೆ ಔಷಧದ ಮೂಲ ಹೆಸರು ತಾಯಿ ಕಾರ್ಡಿನ ಹಿಂದೆ ಬರೆಸ್ರಿ, ಅಂಗಡಿ ಹೆಸರಲ್ಲ. ಮಾಕ್ಸ್, ನೋವಾಮಾಕ್ಸ್ ಅಂತ ಡಬ್ಬಿ ಬೇರೆ, ಒಳಗಿರೋದು ಅದೇ ಅಮಾಕ್ಸಿಸಿಲಿನ್. ಆಗ್ಮೆಂಟಿನ್ ಒಳಗೂ ಅದು ಇದೆ.

ಗದಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮನವಿ ತಯಾರಾಗ್ತಿದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ, ಪ್ರತಿ ಖಾಸಗಿ ಕ್ಲಿನಿಕ್ಕಿನಲ್ಲಿ ಸೂಜಿ ಹಾಕುವ ಮೇಜಿನ ಮೇಲೆ ಅಡ್ರಿನಲಿನ್, ಕನ್ನಡದಲ್ಲಿ ಓದಾಕ ಬರುವ ಚೀಟಿ, ಗೋಡೆ ಮೇಲೆ ಆ ಫೋನ್ ನಂಬರ್, ನೋಂದಣಿ ಇಲ್ಲದವರ ಮೇಲೆ ಕ್ರಮ, ಸಂಧಿವಾತ ಜ್ವರದ ಮಕ್ಕಳಿಗೆ ತಪ್ಪದೇ ಪೆನಿಸಿಲಿನ್. ನಿಮ್ಮ ಕೇರಿಯಲ್ಲಿ ಇಂಥದ್ದು ಆಗಿದ್ದರೆ ಯಾವ ತಿಂಗಳು, ಕೂಸಿನ ವಯಸ್ಸು, ಸೂಜಿಯೋ ಸಿರಪ್ಪೋ, ಚೀಟಿ ಕೊಟ್ಟರೋ ಇಲ್ಲವೋ ಅಂತ ಇನ್‌ಬಾಕ್ಸಿಗೆ ಬರೀರಿ. ಕೂಸಿನ ಹೆಸರು ಬೇಡ, ಫೋಟೋ ಬೇಡ. ಕಾಮೆಂಟಿನಲ್ಲಿ ದವಾಖಾನಿ ಹೆಸರು ಹಾಕಿ ಬೈಯೋದೂ ಬೇಡ, ಅದನ್ನು ಅರ್ಜಿಯಲ್ಲಿ ಹಾಕೋಣ.

ಜೈ ಭೀಮ್.